ಎಳೆಯೋದು ಸರಿ, ತಡೆಯೋದು?

— ಮಾವ, ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರೇ ತಗೊಳ್ಳೋದು ಅಂತ ಮನೇಲಿ ತೀರ್ಮಾನ ಆಗಿದೆ. 45ರಿಂದ 50 ಎಚ್‌ಪಿ ಒಳಗಿನದು. ಯಾವ ಕಂಪನೀದು ಒಳ್ಳೇದು ಅಂತ ನೀವು ಹೇಳಿದ್ರೆ ಈ ವಾರವೇ ಹಾಸನದಲ್ಲಿ ಅಡ್ವಾನ್ಸ್ ಕೊಟ್ಟು ಹೋಗ್ತೀನಿ.

— ಕಂಪನಿ ವಿಷಯ ಆಮೇಲೆ ಮಾತಾಡೋಣ. ಅದರ ಹಿಂದೆ ಏನು ಕಟ್ತೀಯ, ಯಾವ ದಾರೀಲಿ ಓಡಿಸ್ತೀಯ, ಅದನ್ನ ಮೊದಲು ಹೇಳು.

— ಟ್ರೇಲರ್ ಮಾವ, ಅದಕ್ಕೇ ತಗೊಳ್ತಿರೋದು. ಉಳುಮೆಗೆ ಊರಲ್ಲೇ ಬಾಡಿಗೆ ಟ್ರ್ಯಾಕ್ಟರ್ ಇವೆ. ರೋಟವೇಟರ್ ಬೇಕಾದ್ರೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತೆ. ಸಾಗಣೆಗೆ ಮಾತ್ರ ಹೇಳಿದ ದಿನ ಯಾರೂ ಬರಲ್ಲ. ಮುಂಗಾರಿನ ಆಲೂಗಡ್ಡೆ ಕೀಳೋದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಆಗ ಹೊಲದ ತುಂಬಾ ಕೆಸರು. ದೊಡ್ಡಮಗ್ಗೆ ಕಡೆ ನಮ್ಮ ಹೊಲ ನೀವೂ ನೋಡಿದ್ದೀರಲ್ಲ, ಹಳ್ಳಕ್ಕೆ ಇಳಿದು ಮತ್ತೆ ಏರಬೇಕು. ಟೂ ವೀಲ್ ಟ್ರ್ಯಾಕ್ಟರು ಅಲ್ಲೇ ಹೂತ್ಕೊಂಡು ನಿಂತುಬಿಡುತ್ತೆ. ಆಲೂಗಡ್ಡೆ, ಶುಂಠಿ ಹಾಸನಕ್ಕೆ ಬರಬೇಕು. ಬ್ಯಾರನ್‌ಗೆ ಸೌದೆ ತರಬೇಕು, ಹೊಗೆಸೊಪ್ಪಿನ ಬೇಲು ರಾಮನಾಥಪುರದ ಹರಾಜಿಗೆ ಹೋಗಬೇಕು. ಹೊಳೆನರಸೀಪುರದಲ್ಲಿ ನನ್ನ ಹೆಂಡ್ತಿ ಮನೆಯವರ ಭತ್ತ, ಹುಲ್ಲು ಇದೆ. ಚನ್ನರಾಯಪಟ್ಟಣದಲ್ಲಿ ಅಕ್ಕನ ಮನೆ ಕಬ್ಬನ್ನ ಶ್ರೀನಿವಾಸಪುರದ ಹೇಮಾವತಿ ಸಕ್ಕರೆ ಕಾರ್ಖಾನೆಗೆ ಹೊಡೆದುಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ.

— ಅಂದ್ರೆ ನಾಲ್ಕು ತಾಲ್ಲೂಕಿನ ಭಾರ ಒಂದೇ ಕೊಂಡಿಗೆ. ಸರಿ, ಒಂದೊಂದಾಗಿ ನೋಡೋಣ. ನಿಮ್ಮ ಹಳ್ಳದ ದಾರಿ ಎಷ್ಟು ಇಳಿಜಾರು?

— ಇಳಿಜಾರು ಅಂದ್ರೆ... ಚೆನ್ನಾಗೇ ಇದೆ.

— ಹಾಗಂದ್ರೆ ಆಗಲ್ಲ ಕಣಪ್ಪ, ಅಳೀಬೇಕು. ಗಾರೆಯವರು ಮಟ್ಟ ನೋಡೋ ನೀರಿನ ಪೈಪು ಇರುತ್ತಲ್ಲ, ಅದೂ ಒಂದು ದಾರವೂ ಸಾಕು. ಮೇಲಿನ ತುದಿಯನ್ನ ನೆಲಕ್ಕೆ ಮುಟ್ಟಿಸಿ ಹತ್ತಡಿ ದಾರವನ್ನ ಮಟ್ಟಸವಾಗಿ ಹಿಡಿದಾಗ ಕೆಳಗಿನ ತುದಿ ನೆಲದಿಂದ ಒಂದಡಿ ಮೇಲಿದ್ರೆ ಹತ್ತಕ್ಕೆ ಒಂದು. ಅರ್ಧ ಅಡಿ ಇದ್ರೆ ಇಪ್ಪತ್ತಕ್ಕೆ ಒಂದು. ನಿಮ್ಮ ಹಳ್ಳದ ಹತ್ರ ತೀರಾ ಕಡಿದಾದ ಕಡೆ ಹತ್ತಕ್ಕೆ ಒಂದು ಇರಬಹುದು ಅಂತ ನನ್ನ ಅಂದಾಜು. ಅದನ್ನೇ ಇಟ್ಕೊಂಡು ಲೆಕ್ಕ ಹಾಕು. ಆಲೂಗಡ್ಡೆ 50 ಕೆಜಿ ಮೂಟೆ. ನೂರು ಮೂಟೆ ಹೇರಿದ್ರೆ 5 ಟನ್. ಟ್ರೇಲರ್‌ನ ಸ್ವಂತ ತೂಕ ಒಂದೂವರೆ ಟನ್ ಅಂದ್ಕೊ. ಟ್ರ್ಯಾಕ್ಟರ್ 2.3 ಟನ್. ಒಟ್ಟು 8.8 ಟನ್. ಹತ್ತಕ್ಕೆ ಒಂದು ಇಳಿಜಾರಲ್ಲಿ ಇದರ ಹತ್ತನೇ ಒಂದು ಪಾಲು, 880 ಕೆಜಿ, ನಿನ್ನನ್ನ ಕೆಳಕ್ಕೆ ಜಗ್ತಾ ಇರುತ್ತೆ. ಹತ್ತೋವಾಗ ಹಿಂದಕ್ಕೆ, ಇಳಿಯೋವಾಗ ಮುಂದಕ್ಕೆ.

— ಹತ್ತೋದಕ್ಕೇ ತಾನೇ ಫೋರ್ ವೀಲ್ ಬೇಕಾಗಿರೋದು?

— ಪೂರ್ತಿ ಕೇಳು. ಟ್ರ್ಯಾಕ್ಟರ್ ತೂಕದಲ್ಲಿ ನೂರಕ್ಕೆ 60ರಷ್ಟು ಹಿಂದಿನ ಚಕ್ರದ ಮೇಲೆ ಕೂರುತ್ತೆ. ಸುಮಾರು 1,400 ಕೆಜಿ. ಎರಡು ಚಕ್ರದ ಟ್ರೇಲರ್ ಆದ್ರೆ ಕೊಂಡಿ ಮೇಲೆ ಇನ್ನೊಂದು 800 ಕೆಜಿ ಬೀಳುತ್ತೆ ಅಂತ ಹಿಡಿ. ಎರಡೂ ಸೇರಿ 2,200. ಒದ್ದೆ ಜೇಡಿಮಣ್ಣಿನ ಮೇಲೆ ಟಯರು ತನ್ನ ಮೇಲಿರೋ ಭಾರದಲ್ಲಿ ನೂರಕ್ಕೆ 30ರಷ್ಟು ಮಾತ್ರ ನೆಲಾನ ಹಿಡಿಯುತ್ತೆ. ಅಲ್ಲಿಗೆ 660 ಕೆಜಿ. ಎಂಜಿನ್ 45 ಎಚ್‌ಪಿ ಇರಲಿ, 60 ಇರಲಿ, ಟಯರು ಹಿಡಿಯೋದು ಅಷ್ಟೇ. ಮಿಕ್ಕಿದ ಶಕ್ತಿ ಎಲ್ಲ ಚಕ್ರ ತಿರುಗಿಸಿ ಕೆಸರು ಎರಚೋದಕ್ಕೆ ಹೋಗುತ್ತೆ. ಫೋರ್ ವೀಲ್ ಹಾಕಿದ್ರೆ ಟ್ರ್ಯಾಕ್ಟರಿನ ಅಷ್ಟೂ ತೂಕ ಕೆಲಸಕ್ಕೆ ಬರುತ್ತೆ. 2,300, ಜೊತೆಗೆ ಕೊಂಡಿ ಮೇಲಿನ 800. ಒಟ್ಟು 3,100. ಅದರಲ್ಲಿ ನೂರಕ್ಕೆ 30 ಅಂದ್ರೆ 930 ಕೆಜಿ.

— 660 ಎಲ್ಲಿ, 930 ಎಲ್ಲಿ! ಹಾಗಾದ್ರೆ ನಾನು ಮಾಡಿರೋ ತೀರ್ಮಾನ ಸರಿಯಾಗೇ ಇದೆ.

— ಫೋರ್ ವೀಲ್ ಬೇಕು ಅನ್ನೋದು ಸರಿ. ಆದ್ರೆ ಹಳ್ಳದಿಂದ ಮೇಲೆ ಬರೋವಾಗ 880ರ ಜೊತೆಗೆ ಮಣ್ಣಲ್ಲಿ ಟ್ರೇಲರ್ ಚಕ್ರ ಉರುಳೋದಕ್ಕೂ ಒಂದು ತಡೆ ಇದೆಯಲ್ಲ. ಹಸಿ ಮಣ್ಣಿನ ದಾರೀಲಿ ಅದೇ 400 ಕೆಜಿ ಆಗುತ್ತೆ. ಎರಡೂ ಸೇರಿದ್ರೆ 1,280. ನಿನ್ನ ಹತ್ರ ಇರೋದು 930. ಅಂದ್ರೆ ಒದ್ದೆ ದಾರೀಲಿ ನೂರು ಮೂಟೆ ಹೇರ್ಕೊಂಡು ಹತ್ತಕ್ಕೆ ಒಂದು ಏರನ್ನ ಫೋರ್ ವೀಲ್ ಕೂಡ ಹತ್ತಲ್ಲ. ಇಪ್ಪತ್ತಕ್ಕೆ ಒಂದು ಏರಾದ್ರೆ 440 ಮತ್ತು 400, ಒಟ್ಟು 840. ಅಲ್ಲಿ ಟೂ ವೀಲ್ ಸೋಲುತ್ತೆ, ಫೋರ್ ವೀಲ್ ಗೆಲ್ಲುತ್ತೆ. ಲಕ್ಷದ ಮೇಲೆ ಜಾಸ್ತಿ ಕೊಟ್ಟು ನೀನು ಕೊಂಡ್ಕೊಳ್ಳೋದು ಈ ಮಧ್ಯದ ದಾರೀನ. ಅದಕ್ಕಿಂತ ಕಡಿದಾದ ಕಡೆ ಮೂಟೆ ಕಮ್ಮಿ ಮಾಡಿ ಎರಡು ಮೂರು ಸಲ ಹೊಡಿ. ಇಲ್ಲಾ ಆ ಏರಿಗೆ ಜಲ್ಲಿ ಹಾಕಿಸು. ಜಲ್ಲಿಯ ದುಡ್ಡು ಒಂದೇ ಹಂಗಾಮಲ್ಲಿ ವಾಪಸ್ ಬರುತ್ತೆ.

— ಇಳಿಯೋದು ಸುಲಭ ಅಲ್ವಾ ಮಾವ?

— ಅಲ್ಲೇ ಎಲ್ಲರೂ ಎಡವೋದು. ನಮ್ಮಲ್ಲಿ ಸಿಗೋ ಈ ಅಳತೆಯ ಟ್ರ್ಯಾಕ್ಟರುಗಳಿಗೆ ಬ್ರೇಕ್ ಇರೋದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಕಾರು, ಜೀಪಿನ ಹಾಗೆ ನಾಲ್ಕಕ್ಕೂ ಅಲ್ಲ. ಅದೇ ಹಳ್ಳಕ್ಕೆ ಮಳೇಲಿ ತುಂಬಿದ ಟ್ರೇಲರ್ ಇಳಿಸ್ತಿದ್ದೀಯ ಅಂದ್ಕೊ. ಕೆಳಕ್ಕೆ ಜಗ್ಗೋದು 880, ಹಿಂದಿನ ಟಯರು ಹಿಡಿಯೋದು 660. ಮಣ್ಣು ಆಳದವರೆಗೆ ಮೆತ್ತಗಿದ್ರೆ ಅದೇ ಸ್ವಲ್ಪ ತಡೆಯುತ್ತೆ. ಆದ್ರೆ ಮೇಲಿನ ಒಂದಂಗುಲ ಮಾತ್ರ ನೆಂದು ಕೆಳಗೆ ಗಟ್ಟಿ ಇದ್ರೆ ಆ ಸಹಾಯವೂ ಇಲ್ಲ. ಬ್ರೇಕ್ ತುಳಿದ ತಕ್ಷಣ ಹಿಂದಿನ ಚಕ್ರ ನಿಲ್ಲುತ್ತೆ, ಗಾಡಿ ನಿಲ್ಲಲ್ಲ. ಟ್ರೇಲರ್ ಹಿಂದಿನಿಂದ ತಳ್ಳುತ್ತೆ. ಸ್ಟೀರಿಂಗ್ ಚೂರು ತಿರುಗಿದ್ರೂ ಟ್ರ್ಯಾಕ್ಟರು ಒಂದು ಕಡೆ, ಟ್ರೇಲರು ಒಂದು ಕಡೆ ಮಡಚ್ಕೊಳ್ಳುತ್ತೆ. ಡ್ರೈವರು ಅವೆರಡರ ಮಧ್ಯೆ ಇರ್ತಾನೆ. ಫೋರ್ ವೀಲ್ ಹಾಕ್ಕೊಂಡು ಇಳಿದ್ರೆ ಮುಂದಿನ ಚಕ್ರವೂ ಗೇರಿನ ಮೂಲಕ ಹಿಂದಿನದಕ್ಕೆ ಸೇರ್ಕೊಂಡಿರುತ್ತೆ. ಆಗ ಹಿಂದಿನ ಬ್ರೇಕು ನಾಲ್ಕೂ ಚಕ್ರವನ್ನ ಹಿಡಿಯುತ್ತೆ, ಆ 930 ನಿನಗೆ ಇಳಿಯೋವಾಗಲೂ ಸಿಗುತ್ತೆ. ಹತ್ತೋಕೆ ಅಂತ ಎಲ್ಲರೂ ಫೋರ್ ವೀಲ್ ತಗೋತಾರೆ. ನನ್ನ ಕೇಳಿದ್ರೆ ಅದರ ದೊಡ್ಡ ಉಪಕಾರ ಇಳಿಯೋವಾಗ.

— ಷೋರೂಮಲ್ಲಿ ಇದನ್ನ ಯಾರೂ ಹೇಳಲಿಲ್ಲ.

— ಹೇಳಿದ್ರೂ ಅಷ್ಟಕ್ಕೇ ಸಾಲಲ್ಲ ಕಣೋ. ಒಣಗಿದ ಟಾರು ರೋಡಲ್ಲೂ ಲೆಕ್ಕ ನೋಡು. ಬ್ರೇಕ್ ಇಲ್ಲದ ಟ್ರೇಲರ್‌ನ ಪೂರಾ ತುಂಬ್ಕೊಂಡು ಗಂಟೆಗೆ 25 ಕಿಲೋಮೀಟರ್‌ನಲ್ಲಿ ಬರ್ತಿದ್ದೀಯ. ಸಮತಟ್ಟಲ್ಲಿ ಟಯರು ಪೂರ್ತಿ ಹಿಡಿದ್ರೂ ನಿಲ್ಲೋಕೆ ಸುಮಾರು 14 ಮೀಟರ್ ಬೇಕು. ಹತ್ತಕ್ಕೆ ಒಂದು ಇಳಿಜಾರಲ್ಲಿ ಅದೇ 30 ಮೀಟರ್ ದಾಟುತ್ತೆ. ನಿನ್ನ ಕಾಲು ಪೆಡಲಿಗೆ ಹೋಗೋ ಆ ಒಂದು ಸೆಕೆಂಡಲ್ಲಿ ಇನ್ನೂ ಏಳು ಮೀಟರ್ ಹೋಗಿರುತ್ತೆ. ರೋಡಿಗೆ ಒಂದು ಮಗು ಓಡಿ ಬಂತು ಅಂದ್ಕೊ. ಅದಕ್ಕೇ ಹೇಳ್ತಿರೋದು, ಟ್ರ್ಯಾಕ್ಟರಿಗಿಂತ ಮೊದಲು ಟ್ರೇಲರ್‌ಗೆ ಬ್ರೇಕ್ ಹಾಕಿಸೋ ಮಾತಾಡು.

— ಟ್ರೇಲರ್‌ಗೆ ಬ್ರೇಕಾ? ನಮ್ಮೂರಲ್ಲಿ ಒಂದಕ್ಕೂ ಇಲ್ಲ ಮಾವ.

— ಅದೇ ನನ್ನ ಸಂಕಟ. ನಿಮ್ಮ ತಾತನ ಎತ್ತಿನ ಗಾಡಿಗೆ ಬ್ರೇಕ್ ಇತ್ತು, ಗೊತ್ತಾ? ಚಕ್ರದ ಕಬ್ಬಿಣದ ಪಟ್ಟಾಕ್ಕೆ ಮರದ ತುಂಡು ಒತ್ತೋ ಹಾಗೆ ಹಗ್ಗ ಎಳೆದು ಕಟ್ಟೋರು. ಇಳಿಜಾರು ಬಂದ್ರೆ ಗಾಡಿಯವನು ಮೊದಲು ಅದನ್ನ ಬಿಗಿ ಮಾಡೋನು. ಹದಿನೈದಿಪ್ಪತ್ತು ಮೂಟೆ ಗಾಡಿಗೇ ಅದು ಬೇಕಿತ್ತು. ಈಗ ನೂರು ಮೂಟೆಗೆ ಬೇಡ ಆಯ್ತಾ? ಮೆಲ್ಬರ್ನ್‌ನಲ್ಲಿರೋ ನಿನ್ನ ಷಡ್ಡಕ ಜೀಪಿನ ಹಿಂದೆ ಕ್ಯಾರವಾನ್ ಕಟ್ಕೊಂಡು ಹೆಂಡ್ತಿ ಮಕ್ಕಳ ಜೊತೆ ಊರೂರು ಸುತ್ತಿದ ಫೋಟೋ ಕಳಿಸ್ತಾನಲ್ಲ, ಅವನನ್ನ ಕೇಳು. ಆಸ್ಟ್ರೇಲಿಯಾದಲ್ಲಿ ಎಳ್ಕೊಂಡು ಹೋಗೋ ಗಾಡಿ 750 ಕೆಜಿ ದಾಟಿತು ಅಂದ್ರೆ ಅದಕ್ಕೆ ಸ್ವಂತ ಬ್ರೇಕ್ ಇರಲೇಬೇಕು. 2,000 ಕೆಜಿ ದಾಟಿದ್ರೆ ಎಲ್ಲಾ ಚಕ್ರಕ್ಕೂ ಬ್ರೇಕ್, ಜೊತೆಗೆ ಕೊಂಡಿ ಕಳಚಿಕೊಂಡ್ರೆ ತಾನಾಗೇ ಹಿಡ್ಕೊಳ್ಳೋ ವ್ಯವಸ್ಥೆ. ಅವನು ಎಳೆಯೋದು ಹಾಸಿಗೆ, ಒಲೆ, ನೀರಿನ ಟ್ಯಾಂಕು. ನೀನು ಎಳೆಯೋದು ಆರೂವರೆ ಟನ್. ನಿನ್ನ ಮಕ್ಕಳ ಜೀವ ಅವನ ಮಕ್ಕಳ ಜೀವಕ್ಕಿಂತ ಕಮ್ಮಿ ಅಲ್ಲ.

— ಇಲ್ಲಿ ಹಾಕಿಸೋಕೆ ಆಗುತ್ತಾ?

— ಆಗುತ್ತೆ. ಟ್ರ್ಯಾಕ್ಟರಿನ ಬ್ರೇಕ್ ತುಳಿದಾಗ ಹೈಡ್ರಾಲಿಕ್ ಎಣ್ಣೆ ಒಂದು ಪೈಪಲ್ಲಿ ಹಿಂದಕ್ಕೆ ಹೋಗಿ ಟ್ರೇಲರ್ ಅಚ್ಚಿನ ಡ್ರಮ್ಮಿನ ಬ್ರೇಕನ್ನ ಒತ್ತೋ ಹಾಗೆ ಮಾಡಬಹುದು. ಟ್ರ್ಯಾಕ್ಟರ್ ಕೊಳ್ಳೋವಾಗಲೇ ಟ್ರೇಲರ್ ಬ್ರೇಕಿಗೆ ವಾಲ್ವ್ ಇದೆಯಾ, ಇಲ್ಲದಿದ್ರೆ ಕಂಪನಿಯವರೇ ಕೂರಿಸಿ ಕೊಡ್ತಾರಾ ಕೇಳು. ಇನ್ನೊಂದು ಬಗೆ ಇದೆ. ಟ್ರೇಲರ್ ಮುಂದಕ್ಕೆ ತಳ್ಳಿದಾಗ ಅದರ ಮೂಕಿಯೊಳಗಿನ ಸ್ಪ್ರಿಂಗ್ ಅಮುಕಿ ಬ್ರೇಕ್ ತಾನಾಗೇ ಹಿಡಿಯುತ್ತೆ. ಮೊದಲನೆಯದೇ ಒಳ್ಳೇದು, ಎಷ್ಟು ಹಿಡೀಬೇಕು ಅನ್ನೋದು ನಿನ್ನ ಕಾಲಲ್ಲಿರುತ್ತೆ. ಯಾವುದೇ ಹಾಕಿಸು, ಟ್ರೇಲರ್ ನಿಲ್ಲಿಸಿದಾಗ ಎಳೆಯೋಕೆ ಒಂದು ಹ್ಯಾಂಡ್ ಬ್ರೇಕೂ ಇರಲಿ.

ಇನ್ನೊಂದು ಮಾತು. ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಪೆಡಲ್ ಇರುತ್ತಲ್ಲ, ಹೊಲದಲ್ಲಿ ಚಿಕ್ಕ ಜಾಗದಲ್ಲಿ ತಿರುಗಿಸೋಕೆ. ರೋಡಿಗೆ ಬರೋ ಮುಂಚೆ ಆ ಎರಡನ್ನೂ ಜೋಡಿಸೋ ಲಾಚ್ ಹಾಕಲೇಬೇಕು. ಹಾಕದೆ ಓಡೋವಾಗ ಗಾಬರೀಲಿ ಒಂದೇ ಪೆಡಲ್ ತುಳಿದ್ರೆ ಆ ಕಡೆ ಚಕ್ರ ಮಾತ್ರ ನಿಂತು ಟ್ರ್ಯಾಕ್ಟರು ಗಿರಕಿ ಹೊಡೆಯುತ್ತೆ. ಯಾವ ಗೇರಲ್ಲಿ ಏರನ್ನ ಹತ್ತಬೇಕೋ ಅದೇ ಗೇರಲ್ಲಿ ಇಳೀಬೇಕು. ಮಧ್ಯದಲ್ಲಿ ಕ್ಲಚ್ ತುಳಿಯೋ ಹಾಗಿಲ್ಲ. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡೋನ ಕೈಗೆ ಗಾಡಿ ಕೊಡಲೇಬೇಡ.

— ಟ್ರೇಲರ್ ಇಲ್ಲೇ ಶೆಡ್‌ನಲ್ಲಿ ಕಟ್ಟಿಸೋಣ ಅಂತಿದ್ದೆ. ಎರಡು ಚಕ್ರದ್ದಾ, ನಾಲ್ಕು ಚಕ್ರದ್ದಾ?

— ಕೆಸರಿಗೆ ಎರಡು ಚಕ್ರದ್ದೇ. ನಾಲ್ಕು ಚಕ್ರದ್ದು ತನ್ನ ಭಾರವನ್ನ ತಾನೇ ಹೊತ್ಕೊಳ್ಳುತ್ತೆ, ಕೊಂಡಿ ಮೇಲೆ ಏನೂ ಬೀಳಲ್ಲ. ಟಾರು ರೋಡಲ್ಲಿ ಅದು ಅನುಕೂಲ. ಹೊಲದಲ್ಲಿ ಹಿಂದಿನ ಟಯರು ಒತ್ತೋಕೆ ಆ ಭಾರ ಬೇಕು. ಹಾಗಂತ ಅಚ್ಚನ್ನ ತೀರಾ ಹಿಂದಕ್ಕೆ ಕೊಡಿಸಬೇಡ. ಹೇರಿದ ಟ್ರೇಲರಿನ ಒಟ್ಟು ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಕೊಂಡಿ ಮೇಲೆ ಬೀಳೋ ಹಾಗಿರಲಿ. ಜಾಸ್ತಿ ಆದ್ರೆ ಟ್ರ್ಯಾಕ್ಟರಿನ ಮೂತಿ ಹಗುರ ಆಗಿ ಸ್ಟೀರಿಂಗ್ ತಿರುಗಿಸಿದ್ರೂ ಮುಂದಿನ ಚಕ್ರ ಕೇಳಲ್ಲ. ಕಮ್ಮಿ ಆದ್ರೆ, ಅಥವಾ ಮೂಟೆಗಳನ್ನ ಹಿಂದುಗಡೆಗೇ ಪೇರಿಸಿದ್ರೆ, ಟ್ರೇಲರು ಕೊಂಡಿಯನ್ನ ಮೇಲಕ್ಕೆತ್ತುತ್ತೆ. ಟಯರಿನ ಹಿಡಿತ ಹೋಗುತ್ತೆ, ಜೋರಾಗಿ ಹೋದ್ರೆ ಬಾಲ ಎಡಕ್ಕೂ ಬಲಕ್ಕೂ ತೂಗೋಕೆ ಶುರು ಮಾಡುತ್ತೆ. ಗಾಡಿ ಹೊಡೆಯೋರು ಮುಂಭಾರ, ಹಿಂಭಾರ ಅಂತಿದ್ರಲ್ಲ, ಅದೇ ವಿದ್ಯೆ. ಕ್ಯಾರವಾನಿಗೂ ಇದೇ ನಿಯಮ. ನಿನ್ನ ಷಡ್ಡಕ ಹೊರಡೋ ಮುಂಚೆ ಮೂಕಿಯ ಭಾರ ತೂಗಿ ನೋಡ್ತಿರ್ತಾನೆ.

— ನಮ್ಮಲ್ಲಿ ಹೇರೋರು ಹಿಂದಿನ ಬಾಗಿಲಿಂದಲೇ ಪೇರಿಸ್ತಾ ಬರ್ತಾರೆ.

— ನೀನು ನಿಂತು ಹೇಳಬೇಕು. ಮೊದಲ ಮೂಟೆ ಅಚ್ಚಿನ ಮೇಲೆ. ಆಮೇಲೆ ಮುಂದೆ, ಕಡೇಲಿ ಹಿಂದೆ. ಕೊಂಡಿ ವಿಷಯಕ್ಕೆ ಬರ್ತೀನಿ. ಎಳೆತ ಯಾವಾಗಲೂ ಹಿಂದಿನ ಅಚ್ಚಿನ ನಡುಮಟ್ಟಕ್ಕಿಂತ ಕೆಳಗಿರಬೇಕು. ಕಂಪನಿಯವರು ಕೊಟ್ಟಿರೋ ಹಿಚ್ಚಿಗೇ ಕಟ್ಟು. ಹೂತ್ಕೊಂಡಾಗ ಅರ್ಜೆಂಟಲ್ಲಿ ಮೇಲಿನ ಟಾಪ್ ಲಿಂಕಿಗೆ ಸರಪಳಿ ಹಾಕಿ ಎಳೀತಾರಲ್ಲ, ಅದು ಸಾವನ್ನ ಕರೆದ ಹಾಗೆ. ಹಿಂದಿನ ಚಕ್ರ ನೆಲಕ್ಕೆ ಕಚ್ಚಿಕೊಂಡ್ರೆ ಮೂತಿ ಎದ್ದು ಟ್ರ್ಯಾಕ್ಟರು ಹಿಂದಕ್ಕೆ ಮಗುಚೋದು ಕಣ್ಣು ಮಿಟುಕಿಸೋದ್ರೊಳಗೆ. ಹಿಚ್ ಕಮಾನಿಗೆ, ಅಚ್ಚಿನ ಹೌಸಿಂಗಿಗೆ ಊರಲ್ಲಿ ವೆಲ್ಡಿಂಗ್ ಮಾಡಿಸಬೇಡ. ಆ ಕಾವಿಗೆ ಎರಕದ ಕಬ್ಬಿಣ ಒಳಗೇ ಸೀಳುತ್ತೆ, ಹೊರಗಡೆಗೆ ಕಾಣಲ್ಲ. ಪಿನ್ನು ತೂತಿಗೆ ಸರಿಯಾದ ದಪ್ಪದ್ದೇ ಇರಲಿ, ಕೆಳಗೆ ಲಾಕ್ ಇರಲಿ. ಮುರಿದ ಬೋಲ್ಟು, ಹಾರೆ ತುಂಡು ಹಾಕ್ಕೊಂಡು ಓಡಾಡೋ ಟ್ರೇಲರನ್ನ ದಿನಾ ನೋಡ್ತೀನಿ, ಹೊಟ್ಟೆ ಉರಿಯುತ್ತೆ. ಜೊತೆಗೆ ಒಂದು ಗಟ್ಟಿ ಸೇಫ್ಟಿ ಚೈನು.

— ಫೋರ್ ವೀಲ್ ಯಾವಾಗಲೂ ಹಾಕ್ಕೊಂಡೇ ಓಡಿಸಬಹುದಾ?

— ಬೇಡ. ಗಟ್ಟಿ ಟಾರು ರೋಡಲ್ಲಿ ತೆಗೆದುಬಿಡು. ಫೋರ್ ವೀಲ್ ಟ್ರ್ಯಾಕ್ಟರಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ನೂರಕ್ಕೆ ಒಂದರಿಂದ ಐದರಷ್ಟು ಜಾಸ್ತಿ ಓಡೋ ಹಾಗೆ ಗೇರು ಮಾಡಿರ್ತಾರೆ. ಮಣ್ಣಲ್ಲಿ ಆ ಚೂರು ಜಾರಿಕೊಂಡು ಸರಿಹೋಗುತ್ತೆ, ಮುಂದಿನ ಚಕ್ರ ಎಳೀತಾ ಹೋಗುತ್ತೆ. ಟಾರಲ್ಲಿ ಜಾರೋಕೆ ಆಗಲ್ಲ. ಆ ಬಿಗಿತವೆಲ್ಲ ಮುಂದಿನ ಶಾಫ್ಟು, ಗೇರು, ಟಯರಿನ ಮೇಲೆ ಬೀಳುತ್ತೆ. ಮುಂದಿನ ಟಯರು ಬೇಗ ಸವೆಯುತ್ತೆ. ಕಡಿದಾದ ಇಳಿಜಾರು, ಮಳೆ ಬಿದ್ದ ರೋಡು ಬಂದಾಗ ಮಾತ್ರ ಹಾಕ್ಕೊ, ದಾಟಿದ ಮೇಲೆ ತೆಗಿ. ಟಯರು ಬದಲಾಯಿಸೋವಾಗ ಹುಷಾರು. ಹಿಂದಿನ ಟಯರು ಹೊಸದು ಹಾಕಿ, ಸವೆದ ಮುಂದಿನದನ್ನೇ ಬಿಟ್ರೆ ಆ ಲೆಕ್ಕ ತಪ್ಪುತ್ತೆ. ಮುಂದಿನ ಚಕ್ರ ಎಳೆಯೋ ಬದಲು ಅದನ್ನೇ ತಳ್ಕೊಂಡು ಹೋಗಬೇಕಾಗುತ್ತೆ. ಅಂಗಡಿಯವನು ಸ್ವಲ್ಪ ಹೆಚ್ಚುಕಮ್ಮಿ ಸೈಜಿನ ಟಯರು ಕೊಟ್ಟು ನಡೆಯುತ್ತೆ ಬಿಡಿ ಅಂತಾನೆ, ಒಪ್ಪಬೇಡ.

— ಅದನ್ನ ನಾನು ಪತ್ತೆ ಮಾಡೋದು ಹೇಗೆ?

— ಮುಂದಿನ ಟಯರಿಗೆ ಸುಣ್ಣದ ಗುರುತು ಹಾಕು. ಉತ್ತ ಹೊಲದಲ್ಲಿ ಅಲ್ಲ, ಗಟ್ಟಿ ಮಣ್ಣಿನ ಕಣದಂಥ ಜಾಗದಲ್ಲಿ. ಫೋರ್ ವೀಲ್ ಹಾಕದೆ ಮುಂದಿನ ಚಕ್ರ ಹತ್ತು ಸುತ್ತು ಸುತ್ತಿದಾಗ ಎಷ್ಟು ದೂರ ಹೋಯ್ತು ಅಂತ ಟೇಪಲ್ಲಿ ಅಳೆದ್ಕೊ. ಆಮೇಲೆ ಫೋರ್ ವೀಲ್ ಹಾಕಿ ಅದೇ ಹತ್ತು ಸುತ್ತು. ಎರಡನೇ ಸಲ ದೂರ ನೂರಕ್ಕೆ ಒಂದರಿಂದ ಐದರಷ್ಟು ಕಮ್ಮಿ ಬಂದ್ರೆ ಸರಿ ಇದೆ. ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರು ನೋಡೋಕೆ ಹೋದ್ರೆ ಇದೇ ಮೊದಲ ಪರೀಕ್ಷೆ ಆಗಲಿ. ಎರಡನೆಯದು, ಮುಂದಿನ ಹಬ್ಬಿನ ಎಣ್ಣೆ ಬಿಚ್ಚಿ ನೋಡು. ಹಾಲಿನ ಬಣ್ಣಕ್ಕೆ ತಿರುಗಿದ್ರೆ ಒಳಗೆ ನೀರು ಹೋಗಿದೆ ಅಂತ ಅರ್ಥ. ಹೊಳೆನರಸೀಪುರದ ಕಾಲುವೆ ಬಯಲಿನ ಗದ್ದೆಗೆ ಇಳಿಸ್ತೀನಿ ಅಂತೀಯಲ್ಲ, ಅಲ್ಲಿ ಹುಲ್ಲು, ಪ್ಲಾಸ್ಟಿಕ್ ದಾರ ಸುತ್ತಿಕೊಂಡು ಆಯಿಲ್ ಸೀಲ್ ಕತ್ತರಿಸುತ್ತೆ. ಟೂ ವೀಲ್ ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೆ ಗ್ರೀಸ್ ಹೊಡೆದ್ರೆ ಮುಗೀತು. ಇದಕ್ಕೆ ಮುಂದೆಯೂ ಒಂದು ಡಿಫರೆನ್ಷಿಯಲ್ಲು, ಎರಡು ಹಬ್ಬು. ಅವುಗಳನ್ನ ನೋಡ್ಕೊಳ್ಳೋ ತಾಳ್ಮೆ ಇದ್ರೆ ಮಾತ್ರ ಕೊಂಡ್ಕೊ.

— ಅಕ್ಕನ ತೆಂಗಿನ ತೋಟದಲ್ಲಿ ತಿರುಗುತ್ತಾ?

— ಟೂ ವೀಲ್‌ಗಿಂತ ತಿರುಗೋ ಜಾಗ ಜಾಸ್ತಿ ಬೇಕು. ಮೂವತ್ತಡಿ ಅಂತರದ ತೋಟದಲ್ಲಿ ತೊಂದರೆ ಇಲ್ಲ. ಸಾಲಿನ ಮಧ್ಯೆ ಬಾಳೆ, ಅಡಿಕೆ ಹಾಕಿದ್ರೆ ಟ್ರೇಲರ್ ಒಳಗೆ ಬಿಡಬೇಡ.

— ಹಾಗಾದ್ರೆ ಎಚ್‌ಪಿ ಎಷ್ಟಿರಲಿ?

— ಎಚ್‌ಪಿಗಿಂತ ತೂಕ ನೋಡು. ಎಳೆಯೋ ಕೆಲಸಕ್ಕೆ 1.9 ಟನ್ನಿನ 50 ಎಚ್‌ಪಿಗಿಂತ 2.3 ಟನ್ನಿನ 45 ಎಚ್‌ಪಿ ಮೇಲು. ನಿನ್ನ ಅಂದಾಜು ಸರಿಯಾಗೇ ಇದೆ. 50 ಎಚ್‌ಪಿ ದಾಟಿದ್ರೆ 2023ರ ಜನವರಿಯಿಂದ ಹೊಗೆಯ ಹೊಸ ನಿಯಮ ಬಂದಿದೆ, ಎಂಜಿನ್ ಬೇರೆ ಥರ, ಬೆಲೆಯೂ ಜಾಸ್ತಿ. 49ರ ಮಾಡೆಲ್‌ಗಳು ಅಷ್ಟೊಂದು ಕಾಣೋದು ಅದಕ್ಕೇ. ಡೀಲರ್ ಹತ್ರ ಬುದ್ನಿ ರಿಪೋರ್ಟ್ ಕೇಳು. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಇದೆ. ಮುಂದಿನ ಅಚ್ಚಿಗೆ ಎಷ್ಟು ತೂಕ, ಹಿಂದಿನದಕ್ಕೆ ಎಷ್ಟು, ಕೊಂಡಿಯಲ್ಲಿ ಎಷ್ಟು ಕೆಜಿ ಎಳೆಯಿತು, ಬ್ರೇಕ್ ಎಷ್ಟು ದೂರಕ್ಕೆ ಹಿಡಿಯಿತು, ಎಲ್ಲಾ ಅಲ್ಲಿ ಅಳೆದು ಬರೆದಿರ್ತಾರೆ. ನಿನಗೆ ಬೇಕಾಗಿರೋದು ಆ ಪುಟಗಳು, ಬಣ್ಣದ ಪಾಂಪ್ಲೆಟ್ ಅಲ್ಲ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಕಾರೆಕೆರೆ ಕೃಷಿ ಕಾಲೇಜಿಗೋ ತಗೊಂಡು ಹೋಗಿ ತೋರಿಸಿದ್ರೆ ಓದಿ ಹೇಳೋರು ಸಿಗ್ತಾರೆ.

— ಬೆಲೆ ಇಳಿದಿದೆ ಅಂದ್ರು.

— 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ತೆರಿಗೆ ಸೇರಿಸೋ ಮುಂಚೆ ಹತ್ತು ಲಕ್ಷ ಇರೋ ಗಾಡಿಗೆ ಅಲ್ಲೇ 70 ಸಾವಿರ ಉಳಿತಾಯ. ಆ ದುಡ್ಡನ್ನ ಮ್ಯೂಸಿಕ್ ಸಿಸ್ಟಮ್ಮಿಗೆ, ಬಣ್ಣದ ಲೈಟಿಗೆ ಹಾಕಬೇಡ, ಟ್ರೇಲರಿನ ಬ್ರೇಕಿಗೆ ಹಾಕು. ಸಾಲಕ್ಕೆ ಮೊದಲು ಸೊಸೈಟಿ, ಪಿಎಲ್‌ಡಿ ಬ್ಯಾಂಕಲ್ಲಿ ವಿಚಾರಿಸು. ಶೇ 3ರ ಬಡ್ಡಿಯ ಸಾಲದ ಮಿತಿಯನ್ನ 2023ರ ಬಜೆಟ್ಟಲ್ಲಿ 15 ಲಕ್ಷಕ್ಕೆ ಏರಿಸಿದ್ರು. ಸಿಗೋಕೆ ಓಡಾಟ ಇದೆ, ಆದ್ರೂ ಖಾಸಗಿ ಫೈನಾನ್ಸಿನ ಬಡ್ಡಿ ಮುಂದೆ ಆ ಓಡಾಟ ಏನೂ ಅಲ್ಲ. ಟ್ರ್ಯಾಕ್ಟರು ವರ್ಷಕ್ಕೆ 1,000 ಗಂಟೆ ದುಡಿದ್ರೆ ಗಿಟ್ಟುತ್ತೆ ಅನ್ನೋದು ಬ್ಯಾಂಕಿನೋರ ಹಳೇ ಲೆಕ್ಕ. ಸಾಗಣೆಯೊಂದೇ ಅಂತ ಕೂತ್ಕೊಂಡ್ರೆ ಅಷ್ಟು ಗಂಟೆ ತುಂಬಲ್ಲ. ಊರಲ್ಲಿ ಉಳುಮೆ ಕೆಲಸವನ್ನೂ ಹಿಡಿ.

— ಕಾಗದ ಪತ್ರ?

— ಟ್ರ್ಯಾಕ್ಟರಿಗೊಂದು ನಂಬರು, ಟ್ರೇಲರಿಗೊಂದು ನಂಬರು. ವಿಮೆಯೂ ಎರಡಕ್ಕೂ ಇರಬೇಕು. ಟ್ರ್ಯಾಕ್ಟರ್ ಲೈಸೆನ್ಸ್ ಇರೋನು ಹಿಂದೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಲೈಸೆನ್ಸ್ ಇಲ್ಲದೋನು ಆಗಲ್ಲ ಅಂತ 2001ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದ್ರೆ ಟ್ರೇಲರ್‌ಗೆ ವಿಮೆ ಇಲ್ಲ ಅಂದ್ರೆ ಕಂಪನಿ ಕೈ ಎತ್ತುತ್ತೆ. ಬೆಳೆ ಸಾಗಿಸೋಕೆ ಅಂತ ನೋಂದಣಿ ಮಾಡಿಸಿ ಇಟ್ಟಿಗೆ, ಎಂ ಸ್ಯಾಂಡ್ ಬಾಡಿಗೆ ಹೊಡೆಯೋಕೆ ಹೋದ್ರೂ ಅಷ್ಟೇ.

— ಒಂದು ಕೇಳ್ಲಾ ಮಾವ? ಶುಂಠಿ ಕೀಳೋಕೆ ಬರೋ ಹೆಂಗಸರನ್ನ ಟ್ರೇಲರಲ್ಲೇ ಕರ್ಕೊಂಡು ಬಂದು ಬಿಡೋ ವಾಡಿಕೆ ನಮ್ಮಲ್ಲಿ. ಸಂಜೆ ಮೂಟೆ ಮೇಲೆ ಕೂತು ಹೋಗ್ತಾರೆ.

— ಆ ವಾಡಿಕೆ ನಿನ್ನ ಟ್ರೇಲರಲ್ಲಿ ಬೇಡ. ಟ್ರ್ಯಾಕ್ಟರಿಗೆ ಇರೋದು ಒಂದು ಸೀಟು. ಮಡ್‌ಗಾರ್ಡ್ ಮೇಲೆ ಕೂರೋನಿಗೂ ಅದರಲ್ಲಿ ಜಾಗ ಇಲ್ಲ, ಟ್ರೇಲರಲ್ಲಿ ಕೂರೋರಿಗೂ ಇಲ್ಲ. ಶುಂಠಿ ಮೂಟೆ 60 ಕೆಜಿ. ಟ್ರೇಲರ್ ಮಗುಚಿದ್ರೆ ಮೇಲೆ ಕೂತೋರು ಕೆಳಗೆ, ಮೂಟೆ ಅವರ ಮೇಲೆ. ಕಾಲುವೆ ಏರಿ ಮೇಲೆ ಒಂದು ಕಡೆ ಚಕ್ರ ಕುಸಿದ್ರೆ ನೀರಿಗೇ. ಬೆಳಿಗ್ಗೆ ಮಕ್ಕಳಿಗೆ ಬುತ್ತಿ ಕಟ್ಟಿ ಶಾಲೆಗೆ ಕಳಿಸಿ ನಿನ್ನ ಹೊಲಕ್ಕೆ ಬಂದೋರು ಅವರು. ನಿನ್ನನ್ನ ನಂಬಿ ಹತ್ತಿದ್ದಾರೆ, ಇಳಿಸಿ ಅಂತ ಕೇಳೋ ಧೈರ್ಯವೂ ಅವರಿಗಿಲ್ಲ. ಅವರಿಗೆ ಗೂಡ್ಸ್ ಅಲ್ಲ, ಪ್ಯಾಸೆಂಜರ್ ಆಟೋ ಮಾಡು. ದಿನದ ಆಟೋ ಬಾಡಿಗೆಯನ್ನ ಕೂಲಿ ಲೆಕ್ಕಕ್ಕೆ ಸೇರಿಸು, ಅವರ ಕೂಲಿಯಲ್ಲಿ ಮುರ್ಕೋಬೇಡ. ಇದನ್ನ ಮಾಡೋಕೆ ಆಗಲ್ಲ ಅಂದ್ರೆ ಟ್ರ್ಯಾಕ್ಟರನ್ನೇ ಕೊಳ್ಳಬೇಡ.

— ಮಾಡ್ತೀನಿ ಮಾವ.

— ಹುಲ್ಲಿಗೆ ಬರೋಣ. ಭತ್ತದ ಹುಲ್ಲು ಹಗುರ, ಆದ್ರೆ ಎತ್ತರ. ಗಾಳಿಗೆ ವಾಲುತ್ತೆ, ಕರೆಂಟ್ ತಂತಿಗೆ ತಗುಲಿದ್ರೆ ಹತ್ಕೊಳ್ಳುತ್ತೆ. ಹೇರಿದ ಮೇಲೆ ಎತ್ತರ ಅಳೆದು, ದಾರೀಲಿ ತೀರಾ ಕೆಳಗೆ ಜೋತಿರೋ ತಂತಿ ಯಾವುದು ಅಂತ ಮುಂಚೇನೇ ನೋಡಿಕೊಂಡು ಹೊರಡು. ಮನೇಲಿ ಕಾದ್ರೂ ಪರವಾಗಿಲ್ಲ, ಕತ್ತಲೆ ಆದ ಮೇಲೆ ಹೊರಡಬೇಡ.

— ಇನ್ನು ಕಬ್ಬು.

— ಕಬ್ಬು ನೀನು ಹೊಡೀಬೇಡ.

— ಅಕ್ಕನಿಗೆ ಮಾತು ಕೊಟ್ಟಿದ್ದೀನಿ.

— ಕೊಟ್ಟಿರಬಹುದು. ಕಬ್ಬಿನ ಟ್ರೇಲರ್ ಅಂದ್ರೆ ಎಂಟು, ಹತ್ತು ಟನ್. ಒಂದರ ಹಿಂದೆ ಇನ್ನೊಂದು ಟ್ರೇಲರ್ ಕಟ್ಟೋರೂ ಇದ್ದಾರೆ. ನಾವು ಈಗ ಹಾಕಿದ ಲೆಕ್ಕ ಯಾವುದೂ ಅಲ್ಲಿ ನಿಲ್ಲಲ್ಲ. ಹೊರಗೆ ಚಾಚಿದ ಸೋಗೆ ಹಿಂದಿನ ದೀಪ, ರೇಡಿಯಂ ಪಟ್ಟಿ ಎಲ್ಲಾ ಮುಚ್ಚಿಬಿಡುತ್ತೆ. ಚನ್ನರಾಯಪಟ್ಟಣದ ಹತ್ರ ಬೆಂಗಳೂರು–ಮಂಗಳೂರು ಹೆದ್ದಾರೀಲಿ ರಾತ್ರಿ ಕಾರುಗಳು ಯಾವ ವೇಗದಲ್ಲಿ ಬರ್ತಾವೆ ನಿನಗೇ ಗೊತ್ತು. ಗಂಟೆಗೆ 20 ಕಿಲೋಮೀಟರಲ್ಲಿ ಹೋಗೋ ದೀಪ ಇಲ್ಲದ ಕಬ್ಬಿನ ಟ್ರೇಲರ್ ಅವರಿಗೆ ಕಾಣೋದು ಗುದ್ದೋ ಹೊತ್ತಿಗೆ. ಟಯರು ಪಂಕ್ಚರ್ ಆಗಿ ರೋಡಿನ ಮೇಲೇ ನಿಂತುಬಿಟ್ರಂತೂ ಕೇಳೋದೇ ಬೇಡ. ನಿನ್ನ ಆಲೂಗಡ್ಡೆ ಟ್ರೇಲರಿಗೂ ಹಿಂದೆ ಎರಡು ದೀಪ, ರೇಡಿಯಂ, ನಿಧಾನ ಗಾಡಿಯ ತ್ರಿಕೋನ ಹಲಗೆ ಇರಲಿ. ಲೋಡ್ ಹೊರಗೆ ಚಾಚಿದ ದಿನ ದೀಪದ ಹಲಗೆಯನ್ನ ಬಿಚ್ಚಿ ಲೋಡಿನ ತುದಿಗೆ ಕಟ್ಟೋ ಹಾಗೆ ಉದ್ದನೆ ವೈರ್ ಬಿಡಿಸು. ಕಬ್ಬನ್ನ ಮಾತ್ರ ಲಾರಿಗೆ ಹಾಕಲಿ.

— ಲಾರಿಯವರು ಅವಳ ಹೊಲಕ್ಕೆ ಬರಲ್ಲ ಮಾವ. ದಾರಿ ಚಿಕ್ಕದು. ಅದಕ್ಕೇ ನನ್ನ ಕೇಳಿದ್ದು.

— ಹೊಲದಿಂದ ಲಾರಿ ನಿಲ್ಲೋ ಜಾಗದವರೆಗೆ ಎಷ್ಟು ದೂರ?

— ಒಂದು ಕಿಲೋಮೀಟರ್ ಇರಬಹುದು. ಕೆರೆ ಏರಿ ಪಕ್ಕದ ದಾರಿ, ಹೆದ್ದಾರಿ ಸಿಗಲ್ಲ.

— ಅಷ್ಟನ್ನ ನೀನು ಮಾಡಿಕೊಡು. ಒಂದು ಸಲಕ್ಕೆ ಮೂರು, ನಾಲ್ಕು ಟನ್, ಹಗಲು ಹೊತ್ತಲ್ಲಿ ಮಾತ್ರ. ಎರಡು ಸಲ ಹೇರಿ ಇಳಿಸೋ ಕೂಲಿ ಜಾಸ್ತಿ ಬೀಳುತ್ತೆ, ಅದನ್ನ ಅವಳಿಗೆ ಮೊದಲೇ ಹೇಳು, ಕಟಾವಿನ ದಿನ ಹೇಳಬೇಡ. ಅವಳು ಬೇಜಾರು ಮಾಡ್ಕೊಂಡ್ರೆ ನಾನು ಮಾತಾಡ್ತೀನಿ. ನೀನು ಮೊದಲು ಊರಿಗೆ ಹೋಗಿ ಹಳ್ಳದ ದಾರಿ ಅಳೆದು ನನಗೆ ಫೋನ್ ಮಾಡು. ಹನ್ನೆರಡಕ್ಕೆ ಒಂದಾ, ಹತ್ತಕ್ಕೆ ಒಂದಾ ಅಂತ ಗೊತ್ತಾದ ಮೇಲೆ ಶೆಡ್ಡಿಗೆ ಹೋಗಿ ಅಚ್ಚನ್ನ ಎಲ್ಲಿ ಕೂರಿಸಬೇಕು ಅಂತ ನಾನೇ ಗುರುತು ಹಾಕಿಕೊಡ್ತೀನಿ. ಅಡ್ವಾನ್ಸ್ ಅಲ್ಲೀವರೆಗೆ ನಿನ್ನ ಜೇಬಲ್ಲೇ ಇರಲಿ.